ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ವಾಹನ) ಹಿಂದೆ ಸಣ್ಣ ಪಿಕಪ್ ಟ್ರಕ್ಕನ್ನು ನಾಲ್ಕೂ ಚಕ್ರ ನೆಲದ ಮೇಲಿಟ್ಟೇ ಎಳೆಯಲು ಏನೇನು ಬೇಕು?

ಎರಡು ವಾಹನಗಳನ್ನು ಜೋಡಿಸುವ ಕಬ್ಬಿಣದ ಸರಳು, ಅಂದರೆ ಟೋ ಬಾರ್, ಕೊಳ್ಳುವ ಮೊದಲು ಟ್ರಕ್ಕಿನ ಮ್ಯಾನುಯಲ್ ತೆಗೆದು ನೋಡಿ. ಹೀಗೆ ಎಳೆಯಬಹುದು ಎಂದು ಅದರಲ್ಲಿ ಇಲ್ಲದಿದ್ದರೆ ಮುಂದಿನ ಖರ್ಚೆಲ್ಲ ದಂಡ. ಕಾರಣ ಗೇರ್‌ಬಾಕ್ಸ್. ಸಾಮಾನ್ಯ ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಪಂಪ್ ತಿರುಗುವುದು ಇಂಜಿನ್ ಓಡುವಾಗ ಮಾತ್ರ. ಇಂಜಿನ್ ಆಫ್ ಆಗಿ ಚಕ್ರ ಮಾತ್ರ ಉರುಳುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಸಾಕು ಅಲ್ವಾ ಅಂತ ಕೇಳುವವರು ಜಾಸ್ತಿ. ಸಾಲದು. ಫೋರ್ ವೀಲ್ ಡ್ರೈವ್ ಟ್ರಕ್ಕಿನ ಟ್ರಾನ್ಸ್‌ಫರ್ ಕೇಸ್‌ಗೇ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ಬೇರೆ ನ್ಯೂಟ್ರಲ್ ಇದ್ದರೆ ಸಾಮಾನ್ಯವಾಗಿ ಕೆಲಸ ಸುಲಭ.

ಉಳಿದದ್ದು ಜೋಡಣೆ. ಟ್ರಕ್ಕಿನ ಚಾಸಿಗೆ ಮುಂದುಗಡೆ ಬೋಲ್ಟ್ ಮಾಡಿದ ಬೇಸ್ ಪ್ಲೇಟ್ ಎಂಬ ಚೌಕಟ್ಟು, ಅದಕ್ಕೆ ಟೋ ಬಾರ್, ಜೊತೆಗೆ ಸೇಫ್ಟಿ ಕೇಬಲ್. ಟ್ರಕ್ಕಿನದೇ ಹಿಂದಿನ ಲೈಟ್‌ಗಳನ್ನು ಬಳಸುವುದಾದರೆ ವೈರಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಇಲ್ಲದಿದ್ದರೆ ಕರೆಂಟ್ ವಾಪಸ್ ಅದರ ವೈರಿಂಗ್‌ಗೆ ನುಗ್ಗುತ್ತದೆ. ಟ್ರಕ್ಕಿಗೆ ಬೇರೆಯೇ ಬ್ರೇಕ್ ಸಿಸ್ಟಮ್ ಹಾಕಿಸಿ. ಇದರಲ್ಲಿ ಜಿಪುಣತನ ಬೇಡ, ನಿಲ್ಲಿಸುವಾಗ ಹಿಂದಿನಿಂದ ತಳ್ಳುವುದು ಅದರ ಇಡೀ ಭಾರ.

ಹೊರಡುವಾಗ ಸ್ಟೀರಿಂಗ್ ಲಾಕ್ ಬಿಟ್ಟಿದೆಯಾ, ಹ್ಯಾಂಡ್‌ಬ್ರೇಕ್ ಇಳಿದಿದೆಯಾ ನೋಡಿ. ಹತ್ತಡಿ ಮೆಲ್ಲಗೆ ಎಳೆಯಿರಿ, ನಾಲ್ಕೂ ಚಕ್ರ ಉರುಳುತ್ತಿವೆಯಾ ಅಂತ ಯಾರಾದರೂ ಪಕ್ಕದಲ್ಲಿ ನಿಂತು ನೋಡಲಿ. ರಿವರ್ಸ್ ಮಾತ್ರ ಬೇಡವೇ ಬೇಡ. ಮುಂದಿನ ಚಕ್ರಗಳು ಅಡ್ಡ ತಿರುಗಿ ಬಾರ್ ಬಾಗುತ್ತದೆ. ಟ್ರಕ್ ಕಳಚಿಯೇ ಹಿಂದೆ ಬನ್ನಿ.