87 ಡಿಗ್ರಿ ಅಂತ ಸ್ಕ್ರೂಡ್ರೈವರ್ ಹಿಡೀಬ್ಯಾಡ್ರಿ

ಗೇಮ್ ಆಡುವಾಗ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ 87 ಡಿಗ್ರಿ ಮುಟ್ಟುತ್ತದೆ, ಬಿಚ್ಚಿ ಚಿಪ್‌ನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಲೋ, ಅಡಿಗಿಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ಕೊಳ್ಳಲೋ ಅಂತ ಗದಗಿನಿಂದ ಕೇಳಿದ್ದೀರಿ. ಎರಡೂ ಬೇಡ. 2021ರ ಬೇಸಿಗೆಯಲ್ಲಿ ನನ್ನ ತಲೆಯಲ್ಲೂ ಇದೇ ಹುಳ ಹೊಕ್ಕಿತ್ತು. ವ್ಯತ್ಯಾಸ ಇಷ್ಟೇ, ನೀವು ಕೇಳುತ್ತಿದ್ದೀರಿ, ನಾನು ಯಾರನ್ನೂ ಕೇಳಲಿಲ್ಲ.

ನಮ್ಮದು ಬ್ಯಾಡಗಿ. ಹುಬ್ಬಳ್ಳಿ ವಿದ್ಯಾನಗರದ ರೂಮು ಖಾಲಿ ಮಾಡಿ ಲಾಕ್‌ಡೌನ್‌ಗೆ ಊರಿಗೆ ಬಂದಾಗ ಜೊತೆಗೆ ಲ್ಯಾಪ್‌ಟಾಪೂ ಬಂತು. ಒಳಗೆ ಜಿಟಿಎಕ್ಸ್ 1660 ಟಿಐ ಗ್ರಾಫಿಕ್ಸ್ ಕಾರ್ಡ್, ಅಪ್ಪ ಮೆಣಸಿನಕಾಯಿ ದುಡ್ಡಿನಲ್ಲಿ ಕೊಡಿಸಿದ್ದು. ಮನೆಯ ಪಡಸಾಲೆ ತುಂಬ ಕಾಯಿ ಚೀಲ, ನನ್ನ ಮೇಜು ಅದರ ಪಕ್ಕಕ್ಕೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರಲ್ಲ, ಅವರು ಗೇಮಿಂಗ್ ಲ್ಯಾಪ್‌ಟಾಪಿನ ಗಾಳಿ ಬರುವ ಕಡೆ ಕೂತು ನೋಡಿಲ್ಲ. ಫ್ಯಾನ್ ಜೋರಾದರೆ ಸಾಕು, ಅಡಿಗೆಮನೆಯಲ್ಲಿದ್ದ ಅವ್ವ ಸೀನಲು ಶುರು ಮಾಡುತ್ತಿದ್ದಳು.

ಕಾರ್ಡ್ 86, 87 ತೋರಿಸತೊಡಗಿತು. ಬಿಚ್ಚಿದೆ. ಫ್ಯಾನಿಗೂ ತಾಮ್ರದ ಫಿನ್‌ಗಳಿಗೂ ನಡುವೆ ಕೆಂಪು ಕಂಬಳಿ ಹಾಸಿದಂತೆ ಧೂಳು ಕೂತಿತ್ತು. ಅದನ್ನು ಬ್ರಷ್‌ನಿಂದ ತೆಗೆದು ಮುಚ್ಚಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆನ್‌ಲೈನ್‌ನಲ್ಲಿ ತರಿಸಿದ ಥರ್ಮಲ್ ಪೇಸ್ಟ್ ಕೈಯಲ್ಲಿತ್ತು. ಮುಲಾಮು ಹಿಡಿದು ಕೂತವನಿಗೆ ಮೈಯೆಲ್ಲ ಗಾಯವಾಗಿ ಕಾಣುತ್ತದೆ.

ಚಿಪ್‌ಗಳ ಶಾಖ ಹೀರುವ ತಾಮ್ರದ ಹೀಟ್‌ಸಿಂಕ್ ಎತ್ತಿದೆ. ನಡುವೆ ಗ್ರಾಫಿಕ್ಸ್ ಚಿಪ್, ಸುತ್ತ ಆರು ಮೆಮೊರಿ ಚಿಪ್‌ಗಳು. ಆರರ ಮೇಲೂ ಬೂದುಬಣ್ಣದ, ಒತ್ತಿದರೆ ಮೆತ್ತಗೆನಿಸುವ ಪಟ್ಟಿಗಳಿದ್ದವು. ಎತ್ತುವಾಗ ಅರ್ಧ ಹರಿದು ಬಂದವು. ಇದು ಒಣಗಿದ ಹಳೇ ಪೇಸ್ಟ್ ಅಂದುಕೊಂಡು ಎಲ್ಲ ಕೆರೆದು ಕಸದ ಬುಟ್ಟಿಗೆ ಹಾಕಿ, ಆ ಜಾಗದಲ್ಲೆಲ್ಲ ಹೊಸ ಪೇಸ್ಟ್ ಬಳಿದೆ.

ಇಲ್ಲಿ ಸ್ವಲ್ಪ ನಿಲ್ಲಿ, ಏಕೆಂದರೆ ನನ್ನ ಲ್ಯಾಪ್‌ಟಾಪ್ ಹೋಗಿದ್ದು ಇಲ್ಲೇ. ಹೀಟ್‌ಸಿಂಕಿನ ತಾಮ್ರ ನೇರವಾಗಿ ಒತ್ತಿ ಕೂರುವುದು ನಡುವಿನ ಚಿಪ್ ಮೇಲೆ ಮಾತ್ರ. ಮೆಮೊರಿ ಚಿಪ್‌ಗೂ ಅದಕ್ಕೂ ನಡುವೆ ಅರ್ಧ ಮಿಲಿಮೀಟರೋ, ಒಂದೋ ಸಂದು ಬಿಟ್ಟಿರುತ್ತಾರೆ. ಆ ಸಂದಿಗೆ ಹಾಸಿಗೆಯಂತೆ ತುಂಬಿ ಕೂರುವುದೇ ಥರ್ಮಲ್ ಪ್ಯಾಡ್. ಪೇಸ್ಟ್ ಇರುವುದು ಒಂದಕ್ಕೊಂದು ತಾಗಿದ ಎರಡು ಮೈಗಳ ನಡುವಿನ ಕೂದಲೆಳೆಯಷ್ಟು ಏರುತಗ್ಗಿಗೆ. ಸಂದಿಗೆ ಪೇಸ್ಟ್ ಬಳಿಯುವುದೆಂದರೆ ಗೋಡೆ ಬಿರುಕಿಗೆ ಸುಣ್ಣ ಬಳಿದಂತೆ. ಮೇಲೆ ಬೆಳ್ಳಗೆ ಕಾಣುತ್ತದೆ, ಒಳಗೆ ಬಿರುಕು ಹಾಗೇ ಇರುತ್ತದೆ. ನನ್ನ ಆರೂ ಚಿಪ್‌ಗಳಿಗೆ ಶಾಖ ಬಿಡುವ ದಾರಿಯೇ ಇಲ್ಲವಾಯಿತು.

ಆದರೆ ನನಗೆ ಗೊತ್ತಾಗಬೇಕಲ್ಲ? ಆನ್ ಮಾಡಿದರೆ 74 ಡಿಗ್ರಿ! ಹುಬ್ಬಳ್ಳಿ ಗೆಳೆಯರ ಗ್ರೂಪಿಗೆ ಸ್ಕ್ರೀನ್‌ಶಾಟ್ ಹಾಕಿ ಶಹಬ್ಬಾಸ್‌ಗಿರಿಯನ್ನೂ ಪಡೆದೆ. ಆ 74 ನಡುವಿನ ಚಿಪ್‌ನದು. ಆ ಕಾರ್ಡಿನ ಮೆಮೊರಿ ಎಷ್ಟು ಕಾದಿದೆ ಎಂದು ತೋರಿಸುವ ಅಂಕಿಯೇ ನನ್ನ ಪರದೆಯಲ್ಲಿ ಇರಲಿಲ್ಲ. ಜ್ವರ ಒಬ್ಬನಿಗೆ, ಥರ್ಮಾಮೀಟರ್ ಇನ್ನೊಬ್ಬನ ಬಾಯಲ್ಲಿ. ತಂಪಾಯಿತು ಅಂತ ಗೇಮಿನ ಟೆಕ್ಸ್ಚರ್, ಅಂದರೆ ಚಿತ್ರದ ನಯ, ಎಲ್ಲ ಅಲ್ಟ್ರಾಕ್ಕೆ ಏರಿಸಿ ಆ ಮೆಮೊರಿಗೇ ಇನ್ನಷ್ಟು ಕೆಲಸ ಕೊಟ್ಟೆ.

ಮೂರನೇ ವಾರ ಪರದೆ ಮೇಲೆ ಹಸಿರು ಚೌಕಗಳು ಬಂದವು. ಆಮೇಲೆ ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಕೋಡ್ 43, ಅಂದರೆ ದೋಷ ಕಂಡು ಕಾರ್ಡನ್ನು ನಿಲ್ಲಿಸಿದೆ ಎಂಬ ಸಂದೇಶ. ಲಾಕ್‌ಡೌನ್ ಸಡಿಲವಾದ ಮೇಲೆ ಹುಬ್ಬಳ್ಳಿಯ ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಆತ ಬಿಚ್ಚಿ ನೋಡಿ ಕೇಳಿದ, “ಪ್ಯಾಡ್ ಎಲ್ಲಿ ಅದಾವ್ರಿ?”

“ಕಸದಾಗ ಹಾಕೇನ್ರಿ.”

“ಇದನ್ನೂ ಅಲ್ಲೇ ಹಾಕಿದ್ರ ಬಸ್‌ಚಾರ್ಜರ ಉಳೀತಿತ್ತು.”

ಚಿಪ್, ಮೆಮೊರಿ ಎಲ್ಲ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಬೋರ್ಡನ್ನೇ ಬದಲಿಸಬೇಕು ಎಂದ. ಅವನು ಹೇಳಿದ ರೇಟು ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟಿತ್ತು.

ಈಗ ನಿಮ್ಮ 87. ಎನ್‌ವಿಡಿಯಾದ ಬಹಳಷ್ಟು ಲ್ಯಾಪ್‌ಟಾಪ್ ಕಾರ್ಡುಗಳು ತಮಗೆ ತಾವೇ ಹಾಕಿಕೊಂಡ ಗೆರೆ ಹೆಚ್ಚುಕಡಿಮೆ ಅದೇ. ಅಲ್ಲಿಗೆ ಬಂದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದು ರೋಗವಲ್ಲ. ಕೋಣೆ ಹತ್ತು ಡಿಗ್ರಿ ಕಾದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಗದಗಿನ ಏಪ್ರಿಲ್ ಮಧ್ಯಾಹ್ನವನ್ನು ಡಿಸೆಂಬರ್ ರಾತ್ರಿಗೆ ಹೋಲಿಸಿ ಗಾಬರಿಯಾಗಬೇಡಿ.

ಮೊದಲು ಗೇಮನ್ನು 60 ಎಫ್‌ಪಿಎಸ್‌ಗೆ, ಅಂದರೆ ಸೆಕೆಂಡಿಗೆ 60 ಚಿತ್ರಕ್ಕೆ, ಕಟ್ಟಿ ಹಾಕಿ. ಯಾರೂ ಇದನ್ನು ಮಾಡುವುದಿಲ್ಲ, ಮರ್ಯಾದೆ ಹೋಗುತ್ತದೇನೋ ಎಂಬಂತೆ! ಹಿಂಭಾಗವನ್ನು ಎರಡು ಬೆರಳಷ್ಟು ಎತ್ತಿಡಿ, ಹಳೇ ಪುಸ್ತಕ ಸಾಕು. ಕೂಲಿಂಗ್ ಪ್ಯಾಡಿನ ಫ್ಯಾನ್ ಒಂದು ಕಡೆ, ಲ್ಯಾಪ್‌ಟಾಪಿನ ತೂತು ಇನ್ನೊಂದು ಕಡೆ ಇದ್ದರೆ ಅದು ಬರೀ ನೀಲಿ ದೀಪದ ಮಣೆ. ಆಮೇಲೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸಿ. ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ನನ್ನ ಈಗಿನ ಆರ್‌ಟಿಎಕ್ಸ್ 3060ರಲ್ಲಿ 800 ಮಿಲಿವೋಲ್ಟ್‌ಗೆ 1,700 ಮೆಗಾಹರ್ಟ್ಸ್ ವೇಗ ನಿಂತಿದೆ, ಹತ್ತು ಡಿಗ್ರಿ ಇಳಿಯಿತು. ನಿಮ್ಮದಕ್ಕೆ ಬೇರೆ ಅಂಕಿ ಹೊಂದಬಹುದು, ಸ್ವಲ್ಪಸ್ವಲ್ಪ ಇಳಿಸುತ್ತ ಹೋಗಿ.

ಧೂಳು ತೆಗೆಯಲು ಕೆಳಗಿನ ಮುಚ್ಚಳ ಬಿಚ್ಚಿದರೆ ಅಡ್ಡಿಯಿಲ್ಲ, ಮೊದಲು ಬ್ಯಾಟರಿ ವೈರ್ ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಿರಗಿರ ತಿರುಗಿದರೆ ಬೇರಿಂಗ್ ಹಾಳು. ಹೀಟ್‌ಸಿಂಕ್ ಮಾತ್ರ ಮುಟ್ಟಬೇಡಿ. ಗೇಮ್ ನಡುವೆ ಲ್ಯಾಪ್‌ಟಾಪ್ ತಾನೇ ಆಫ್ ಆಗುತ್ತಿದ್ದರೆ ಪೇಸ್ಟ್ ಒಣಗಿರಬಹುದು, ಆಗ ರಿಪೇರಿಯವನ ಬಳಿ ಹೋಗಿ. “ಮೆಮೊರಿ ಮ್ಯಾಗ ಎಷ್ಟು ಎಂಎಂ ಪ್ಯಾಡ್ ಹಾಕ್ತೀರಿ?” ಅಂತ ಕೇಳಿ. ಅಳೆದು ಹೇಳುತ್ತೇನೆ ಅಂದರೆ ಕೊಡಿ. ಯಾವುದೋ ಒಂದು ಹಾಕ್ತೀನಿ ಅಂದರೆ ಎತ್ತಿಕೊಂಡು ಬನ್ನಿ, ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕೇ ಮೇಲೆದ್ದು ನಡುವಿನ ಚಿಪ್ ಸುಡುತ್ತದೆ.

ನನ್ನ 1660 ಟಿಐ ಇನ್ನೂ ಇದೆ. ಗ್ರಾಫಿಕ್ಸ್ ಸತ್ತರೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮೇಲೆ ನಡೆಯುತ್ತದೆ. ಅಪ್ಪ ಅಂಗಡಿಯಲ್ಲಿ ಅದರ ಮೇಲೆ ಚೀಲದ ಲೆಕ್ಕ ಬರೆಯುತ್ತಾರೆ. ಫ್ಯಾನ್ ತಿರುಗುವುದೇ ಅಪರೂಪ.

“ಈಗ ಬರೋಬ್ಬರಿ ತಂಪ ಐತಿ ನೋಡು” ಅಂತಾರೆ, ನಾನು ಹೋದಾಗಲೆಲ್ಲ.