ಕಾರ್ಮೆಲ್ ಮಠ ಮತ್ತು ಮೌನಪ್ರಾರ್ಥನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಂಗಳೂರಿನಲ್ಲಿ ಕಾರ್ಮೆಲ್ ಸಿಸ್ಟರ್‌ಗಳು ಶಾಲೆ, ಕಾಲೇಜು ನಡೆಸುತ್ತಾರೆ. ಹೊರಗೆ ಬಾರದ ಕಾರ್ಮೆಲ್ ಸನ್ಯಾಸಿನಿಯರೂ ಅದೇ ಊರಲ್ಲಿದ್ದಾರಂತೆ. ಇಬ್ಬರೂ ಒಂದೇ ಸಭೆಯವರೇ?

ಉತ್ತರ: ಅಲ್ಲ. ಬೇರು ಒಂದೇ, ಸಭೆ ಬೇರೆ ಬೇರೆ. ಸಂತ ಆಗ್ನೆಸ್ ಕಾಲೇಜು ಅಪೊಸ್ತಲಿಕ್ ಕಾರ್ಮೆಲ್ ಸಭೆಯದು. ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಶುರುಮಾಡಿದ ಈ ಸಭೆಗೆ ಶಿಕ್ಷಣವೇ ಮುಖ್ಯ ಸೇವೆ. ಹೊರಗೆ ಬಾರದೆ ಬದುಕುವ ಆವೃತ ಮಠದವರಿಗೆ ಪ್ರಾರ್ಥನೆಯೇ ಸೇವೆ. ಸ್ವತಃ ಕಾರ್ಮೆಲ್ ಸನ್ಯಾಸಿಯಾಗಿದ್ದ ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರ ಆಸೆಯಂತೆ ಎರಡೂ ಗುಂಪು 1870ರಲ್ಲೇ ಮಂಗಳೂರಿಗೆ ಬಂದವು.

ಫ್ರಾನ್ಸಿನ ಪೋ ಊರಿನ ಮಠದಿಂದ ಹೊರಟ ಆವೃತ ಸನ್ಯಾಸಿನಿಯರಲ್ಲಿ ಮೂವರು ದಾರಿಯಲ್ಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಗಲಿಲೇಯದ ಮರಿಯಂ ಬವಾರ್ದಿಯೂ ಇದ್ದರು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ತೊಟ್ಟ ಅವರು ಮರುವರ್ಷ ಪೋಗೆ ಮರಳಿದರು. 2015ರಲ್ಲಿ ಜಗದ್ಗುರು (ಪೋಪ್) ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ಕರಾವಳಿಯಲ್ಲಿ ವ್ರತ ತೊಟ್ಟ ಈ ಸಂತೆಯ ಹೆಸರು ಇಲ್ಲಿಯವರಿಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು.

ಪ್ರಶ್ನೆ: ಮಠದೊಳಗೆ ದಿನವಿಡೀ ಮೌನವೇ?

ಉತ್ತರ: ಇಲ್ಲ. ಪವಿತ್ರ ನಾಡಿನ ಕಾರ್ಮೆಲ್ ಬೆಟ್ಟದಲ್ಲಿ ಈ ಪರಂಪರೆ ಶುರುಮಾಡಿದ ಏಕಾಂತವಾಸಿಗಳಿಗೆ ಜೆರುಸಲೇಮಿನ ಪಿತಾಮಹ (ಅಲ್ಲಿನ ಪ್ರಧಾನ ಧರ್ಮಾಧ್ಯಕ್ಷ) ಆಲ್ಬರ್ಟ್ 1206 ಮತ್ತು 1214ರ ನಡುವೆ ಒಂದು ಪುಟ್ಟ ನಿಯಮಾವಳಿ ಬರೆದುಕೊಟ್ಟರು. ಕೋಣೆಯಲ್ಲಿದ್ದು ದೇವರ ವಾಕ್ಯವನ್ನು ಹಗಲಿರುಳು ಧ್ಯಾನಿಸಬೇಕು, ರಾತ್ರಿ ಮೌನ ಪಾಲಿಸಬೇಕು, ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದಿಂದ ಪಾಸ್ಕದವರೆಗೆ (ಈಸ್ಟರ್) ಭಾನುವಾರ ಬಿಟ್ಟು ಉಪವಾಸ ಇರಬೇಕು ಎಂಬುದೆಲ್ಲ ಅದರಲ್ಲಿದೆ. ರೋಗಿಗಳಿಗೂ ನಿಶ್ಶಕ್ತರಿಗೂ ವಿನಾಯಿತಿ ಉಂಟು.

ಸ್ಪೇನಿನ ಆವಿಲಾದ ಕಾರ್ಮೆಲ್ ಸನ್ಯಾಸಿನಿ ಸಂತ ತೆರೇಸಾ 1562ರ ಆಗಸ್ಟ್ 24ರಂದು ಸುಧಾರಿತ ಮಠ ತೆರೆದಾಗ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮೌನಪ್ರಾರ್ಥನೆ ಗೊತ್ತುಮಾಡಿದರು. ಅವರು ಮೊದಲಿದ್ದ ಮಠದಲ್ಲಿ ಜನ ನೂರಕ್ಕೂ ಹೆಚ್ಚು, ಭೇಟಿಗೆ ಬರುವವರ ಗದ್ದಲ ಬೇರೆ. ಅದಕ್ಕೇ ಹೊಸ ಮಠಕ್ಕೆ 13 ಜನ ಸಾಕೆಂದರು. ಮುಂದೆ ಮಿತಿ 21ಕ್ಕೆ ಏರಿತು. ಎಲ್ಲರೂ ಒಟ್ಟಿಗೆ ಕೂತು ಕೆಲಸ ಮಾಡುವ ಕೊಠಡಿ ಬೇಡವೆಂದರು, ಜೊತೆ ಕೂತರೆ ಮಾತು ಬಂದೇ ಬರುತ್ತದೆ. ಅದೇ ತೆರೇಸಾ ದಿನಕ್ಕೆರಡು ಹೊತ್ತು ಹರಟೆ, ನಗುವಿಗೆಂದು ಸಮಯವನ್ನೂ ಕೊಟ್ಟರು. ಇದನ್ನು ಬರೀ ರಿಯಾಯಿತಿ ಎಂದುಕೊಳ್ಳಬೇಡಿ. ಮುಖ ಗಂಟಿಕ್ಕಿದ ಭಕ್ತಿ ಅವರಿಗೆ ಹಿಡಿಸುತ್ತಿರಲಿಲ್ಲ.

ಪ್ರಶ್ನೆ: ಮನೆಯಲ್ಲಿ ಅರ್ಧ ಗಂಟೆ ಮೌನವಾಗಿ ಕೂರಲು ನೋಡುತ್ತೇನೆ. ಐದೇ ನಿಮಿಷಕ್ಕೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಏನು ಮಾಡಲಿ?

ಉತ್ತರ: ಪುಸ್ತಕ ಹಿಡಿದು ಕೂರಿ. ತೆರೇಸಾ ಎಷ್ಟೋ ವರ್ಷ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವನ್ನೇ ಮಾಡಲಿಲ್ಲ. ಗಂಟೆ ಯಾವಾಗ ಬಾರಿಸುತ್ತದೋ ಎಂದು ಕಿವಿಗೊಟ್ಟು ಕೂತ ದಿನಗಳೂ ಇದ್ದವೆಂದು ಅವರೇ ಬರೆದಿದ್ದಾರೆ. ಶಿಲುಬೆಯ ಗುರುತು ಹಾಕಿ, ಯಾರೊಡನೆ ಮಾತಿಗೆ ಕೂತಿದ್ದೀರಿ ಎಂಬುದನ್ನು ಮೊದಲು ನೆನೆಯಿರಿ. ಬೈಬಲಿನ ಶುಭಸಂದೇಶದ ಎರಡು ಮೂರು ಸಾಲು ಓದಿ ಪುಸ್ತಕ ಮುಚ್ಚಿ. ಆ ಸಾಲಿನಲ್ಲಿರುವ ಯೇಸುವಿನ ಜೊತೆ ಇರಿ. ಮನಸ್ಸು ಜಾರಿದಾಗ ಬೈದುಕೊಳ್ಳದೆ ಮತ್ತೆ ಒಂದು ಸಾಲು. ಅದೂ ಆಗದಿದ್ದರೆ ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನು ಪದಕ್ಕೊಮ್ಮೆ ನಿಲ್ಲುತ್ತಾ ಹೇಳಿ. ಅರ್ಧ ಗಂಟೆಯಲ್ಲಿ ಅದೊಂದೇ ಮುಗಿದರೂ ಸಾಕು.

ಬಹಳ ಮಂದಿ ಎಡವುವುದು ಆಲೋಚನೆಗಳ ಮೇಲೆ ಯುದ್ಧಕ್ಕೆ ಹೊರಟಾಗ. ಆಗ ಗಮನವೆಲ್ಲ ಆಲೋಚನೆಯ ಮೇಲೇ, ದೇವರ ಮೇಲಲ್ಲ. ಇನ್ನು ಕೆಲವರು ಹಿತವೆನಿಸಿದ ದಿನ ಒಂದು ಗಂಟೆ ಕೂತು, ಬೇಸರದ ದಿನ ಹತ್ತೇ ನಿಮಿಷಕ್ಕೆ ಏಳುತ್ತಾರೆ. ಗೊತ್ತುಮಾಡಿದ ಹೊತ್ತು ಮುಗಿಯುವ ತನಕ ಏಳಬೇಡಿ. ಹೀಗೆ ಬಿಡದೆ ಅಭ್ಯಾಸ ಮಾಡಿದರೆ ಒಂದು ವರ್ಷದಲ್ಲಿ, ಪ್ರಾಯಶಃ ಆರೇ ತಿಂಗಳಲ್ಲಿ, ಮನಸ್ಸು ಒಳಗೆ ನಿಲ್ಲಲು ಕಲಿಯುತ್ತದೆ ಎಂಬುದು ತೆರೇಸಾರ ಭರವಸೆ.

ಪ್ರಶ್ನೆ: ಮೊದಲಿದ್ದ ಸವಿ ಈಗಿಲ್ಲ. ಭಕ್ತಿ ಬತ್ತಿತೇ?

ಉತ್ತರ: ಇದಕ್ಕೆ ತೆರೇಸಾರ ಜೊತೆಗಾರರಾಗಿದ್ದ ಕಾರ್ಮೆಲ್ ಸನ್ಯಾಸಿ, ಶಿಲುಬೆಯ ಸಂತ ಯೋವಾನ್ನರು ಮೂರು ಗುರುತು ಕೊಡುತ್ತಾರೆ. ದೇವರ ವಿಷಯದಲ್ಲೂ ರುಚಿಯಿಲ್ಲ, ಲೋಕದ ಯಾವುದರಲ್ಲೂ ರುಚಿಯಿಲ್ಲ. ಆದರೂ ದೇವರಿಂದ ದೂರವಾದೆನೇನೋ ಎಂಬ ಕೊರಗು ಬಿಡುವುದಿಲ್ಲ. ಎಷ್ಟು ಯತ್ನಿಸಿದರೂ ಮೊದಲಿನಂತೆ ಧ್ಯಾನಿಸಲು ಆಗುವುದಿಲ್ಲ. ಮೂರೂ ಒಟ್ಟಿಗಿರಬೇಕು. ಪ್ರಾರ್ಥನೆ ಬೇಸರ, ಆದರೆ ಉಳಿದದ್ದೆಲ್ಲ ರುಚಿ ಎಂದರೆ ಅದು ಬರೀ ಉದಾಸೀನ. ಎಲ್ಲದರಲ್ಲೂ ಬೇಸರವಿದ್ದು ಆ ಕೊರಗು ಇಲ್ಲದಿದ್ದರೆ ದೇಹದ, ಮನಸ್ಸಿನ ಕಾಯಿಲೆ ಇರಬಹುದೆಂದು ಯೋವಾನ್ನರೇ ಎಚ್ಚರಿಸಿದ್ದಾರೆ; ಆಗ ವೈದ್ಯರಲ್ಲಿಗೆ ಹೋಗಿ. ಮೂರೂ ಇದ್ದರೆ ಬಲವಂತದ ಧ್ಯಾನ ಬಿಡಿ, ಪ್ರಾರ್ಥನೆಯ ಹೊತ್ತು ಮಾತ್ರ ಬಿಡಬೇಡಿ. ಏನೂ ಮಾಡುತ್ತಿಲ್ಲ ಎನಿಸಿದರೂ ಪ್ರೀತಿಯಿಂದ ದೇವರ ಕಡೆ ಗಮನವಿಟ್ಟು ಸುಮ್ಮನೆ ಕೂರಿ.

ಪ್ರಶ್ನೆ: ಮಗಳು ಆವೃತ ಮಠ ಸೇರಬೇಕೆನ್ನುತ್ತಾಳೆ. ಹೋದ ಮೇಲೆ ಹಿಂದಿರುಗಲು ಆಗದೇ?

ಉತ್ತರ: ಆಗುತ್ತದೆ. ವ್ಯಾಟಿಕನ್‌ನ 2018ರ ನಿಯಮಗಳ ಪ್ರಕಾರ ಆಕಾಂಕ್ಷಿಯಾಗಿ ಕನಿಷ್ಠ 12 ತಿಂಗಳು, ಅಭ್ಯರ್ಥಿಯಾಗಿ ಕನಿಷ್ಠ 12 ತಿಂಗಳು, ನವಶಿಷ್ಯೆಯಾಗಿ ಎರಡು ವರ್ಷ, ಬಳಿಕ ಐದು ವರ್ಷ ತಾತ್ಕಾಲಿಕ ವ್ರತ. ಒಟ್ಟು ಒಂಬತ್ತು ವರ್ಷಕ್ಕೆ ಕಡಿಮೆಯಿಲ್ಲ, ಹನ್ನೆರಡಕ್ಕೆ ಹೆಚ್ಚಿಲ್ಲ. ನವಶಿಷ್ಯೆ ಯಾವಾಗ ಬೇಕಾದರೂ ಹೊರಡಬಹುದು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗಲೂ ಬಿಡಬಹುದು. ತಡೆಯುವ ಮೊದಲು, ಮಗಳ ಜೊತೆ ಮಠದ ಸಂದರ್ಶನ ಕೋಣೆಗೆ ನೀವೂ ಹೋಗಿ ಬನ್ನಿ. ನಿಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಮಠದ ಮುಖ್ಯಸ್ಥೆಯನ್ನೇ ಕೇಳಿ.