ಎಲೆಕ್ಟ್ರಾನಿನ ಜಿ ಬೆಲೆ 2ಕ್ಕಿಂತ ಕಡಿಮೆ ಆಗುವುದು ಹೇಗೆ?

ಪ್ರಶ್ನೆ: ಎಲೆಕ್ಟ್ರಾನಿನ ಜಿ ಫ್ಯಾಕ್ಟರ್ 2.0023 ಎಂದು ಓದಿದ್ದೆ. ಇನ್ನೊಂದು ಕಡೆ ತವರದ ಅಯಾನಿನಲ್ಲಿ ಅದು 1.91 ಎಂದಿತ್ತು. ಎಲೆಕ್ಟ್ರಾನ್ ಮತ್ತು ಬೆಳಕಿನ ಒಡನಾಟವನ್ನು ವಿವರಿಸುವ ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್ (ಕ್ಯುಇಡಿ) ಜಿಯನ್ನು ಹೆಚ್ಚಿಸುತ್ತದೆ ಅಲ್ವಾ? ಮತ್ತೆ ಕಡಿಮೆ ಆಗಿದ್ದು ಯಾಕೆ? ಇದನ್ನೆಲ್ಲ ಅಳೆದು ಏನು ಸಿಗುತ್ತದೆ?

ಉತ್ತರ: ನೀವು ಓದಿದ ಎರಡೂ ಸರಿ. 2.0023 ಒಂಟಿಯಾಗಿರುವ ಎಲೆಕ್ಟ್ರಾನಿನದು. 1.91 ಎನ್ನುವುದು ತವರದ ನ್ಯೂಕ್ಲಿಯಸ್ಸಿನ ಹಿಡಿತದಲ್ಲಿ ಉಳಿದಿರುವ ಒಂದೇ ಒಂದು ಎಲೆಕ್ಟ್ರಾನಿನದು. ಉಳಿದ 49 ಎಲೆಕ್ಟ್ರಾನುಗಳನ್ನು ಕಿತ್ತು ಹಾಕಿರುತ್ತಾರೆ.

ಎಲೆಕ್ಟ್ರಾನ್ ಒಂದು ಪುಟ್ಟ ಅಯಸ್ಕಾಂತ. ಅದರ ಸ್ಪಿನ್ನಿಗೆ (ಬುಗುರಿಯ ತಿರುಗುವಿಕೆಯನ್ನು ಹೋಲುವ ಹುಟ್ಟುಗುಣಕ್ಕೆ) ಹೋಲಿಸಿದರೆ ಆ ಅಯಸ್ಕಾಂತ ಎಷ್ಟು ಬಲವಾಗಿದೆ ಎಂದು ಹೇಳುವ ಸಂಖ್ಯೆಯೇ ಜಿ. ಎಲೆಕ್ಟ್ರಾನನ್ನು ವಿವರಿಸುವ 1928ರ ಡಿರಾಕ್ ಸಮೀಕರಣದ ಪ್ರಕಾರ ಅದು ಸರಿಯಾಗಿ 2. ಆದರೆ ಎಲೆಕ್ಟ್ರಾನ್ ಸುಮ್ನೆ ಇರುವುದಿಲ್ಲ. ಫೋಟಾನನ್ನು, ಅಂದರೆ ಬೆಳಕಿನ ಕಣವನ್ನು, ಬಿಡುತ್ತದೆ, ಮರುಕ್ಷಣವೇ ಅದನ್ನು ವಾಪಸ್ ಹಿಡಿಯುತ್ತದೆ. ಇದರಿಂದ ಜಿ ಸುಮಾರು 0.0023ರಷ್ಟು ಹೆಚ್ಚುತ್ತದೆ ಎಂದು 1948ರಲ್ಲಿ ಭೌತವಿಜ್ಞಾನಿ ಜೂಲಿಯನ್ ಶ್ವಿಂಗರ್ ಲೆಕ್ಕ ಹಾಕಿ ತೋರಿಸಿದರು. ಇಲ್ಲಿಯವರೆಗೆ ನಿಮ್ಮ ಮಾತು ಸರಿ.

ಇಳಿತಕ್ಕೆ ಕಾರಣ ಕ್ಯುಇಡಿ ಅಲ್ಲ, ಸಾಪೇಕ್ಷತೆ. ನ್ಯೂಕ್ಲಿಯಸ್ಸಿನ ಹತ್ತಿರ ಎಲೆಕ್ಟ್ರಾನಿನ ವೇಗ ತುಂಬಾ ಜಾಸ್ತಿ. ಪರಮಾಣು ಸಂಖ್ಯೆಯನ್ನು 137ರಿಂದ ಭಾಗಿಸಿದರೆ, ಆ ವೇಗ ಬೆಳಕಿನ ವೇಗದ ಎಷ್ಟು ಪಾಲು ಎಂದು ಸುಮಾರಾಗಿ ತಿಳಿಯುತ್ತದೆ. ಹೀಗೆಯೇ ಒಂದೇ ಎಲೆಕ್ಟ್ರಾನ್ ಉಳಿದಿರುವ ಇಂಗಾಲಕ್ಕೆ 6/137, ಅಂದರೆ ಶೇ. 4ರ ಆಸುಪಾಸು. ತವರಕ್ಕೆ 50/137, ಶೇ. 36! ಈ ವೇಗದಿಂದ ಜಿ ಎಷ್ಟು ಇಳಿಯುತ್ತದೆ ಎಂಬ ಸೂತ್ರವನ್ನು ಭೌತವಿಜ್ಞಾನಿ ಗ್ರೆಗರಿ ಬ್ರೈಟ್ 1928ರಲ್ಲೇ ಕೊಟ್ಟಿದ್ದರು. ಅದರಂತೆ ಇಂಗಾಲಕ್ಕೆ 1.99872, ತವರಕ್ಕೆ 1.90808. ಇವುಗಳಲ್ಲಿ ಕ್ಯುಇಡಿ ಇನ್ನೂ ಸೇರಿಲ್ಲ.

ಈಗ ಒಂದು ಕಳೆಯುವ ಲೆಕ್ಕ ಮಾಡೋಣ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದೇ. ಪ್ರಯೋಗದಲ್ಲಿ ಇಂಗಾಲಕ್ಕೆ ಸಿಕ್ಕಿದ್ದು 2.0010416. ಬ್ರೈಟ್ ಬೆಲೆಯನ್ನು ಕಳೆದರೆ ಉಳಿಯುವುದು 0.0023202. ಒಂಟಿ ಎಲೆಕ್ಟ್ರಾನಿನಲ್ಲಿ ಈ ಹೆಚ್ಚಳ 0.0023193. ಹೆಚ್ಚುಕಡಿಮೆ ಒಂದೇ, ಆದರೆ ಪೂರ್ತಿ ಒಂದೇ ಅಲ್ಲ. ತವರಕ್ಕೆ ಸಿಕ್ಕಿದ್ದು 1.910562. ಕಳೆದರೆ ಉಳಿಯುವುದು 0.00248. ಇಲ್ಲಿ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ನ್ಯೂಕ್ಲಿಯಸ್ ಬರೀ ಚುಕ್ಕೆಯಲ್ಲ, ಅದಕ್ಕೂ ಗಾತ್ರ ಇದೆ ಎನ್ನುವುದರ ಪಾಲು ಇದರಲ್ಲಿ ಸ್ವಲ್ಪ ಇದೆ. ಆದರೆ ದೊಡ್ಡ ಪಾಲು ಕ್ಯುಇಡಿಯದೇ.

ಯಾಕೆಂದರೆ ಫೋಟಾನ್ ಬಿಟ್ಟು ಮತ್ತೆ ಹಿಡಿಯುವ ಆ ಗಳಿಗೆಯಲ್ಲೂ ನ್ಯೂಕ್ಲಿಯಸ್ ಎಲೆಕ್ಟ್ರಾನನ್ನು ಎಳೆಯುತ್ತಲೇ ಇರುತ್ತದೆ. ಅದರ ಜೊತೆಗೆ ಸುತ್ತಲಿನ ನಿರ್ವಾತದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ (ಎಲೆಕ್ಟ್ರಾನಿನಂಥದೇ, ಆದರೆ ಧನ ವಿದ್ಯುದಾವೇಶದ ಕಣ) ಜೋಡಿಗಳು ಕ್ಷಣಕಾಲ ಹುಟ್ಟಿ ಮಾಯವಾಗುತ್ತವೆ. ಅದರಿಂದ ಎಲೆಕ್ಟ್ರಾನಿಗೆ ತಟ್ಟುವ ನ್ಯೂಕ್ಲಿಯಸ್ಸಿನ ಎಳೆತವೂ ತುಸು ಬದಲಾಗುತ್ತದೆ. ಹಗುರ ಪರಮಾಣುವಿನಲ್ಲಿ ಈ ಎಳೆತವನ್ನು ಚಿಕ್ಕ ತಿದ್ದುಪಡಿ ಎಂದುಕೊಂಡು ಹಂತಹಂತವಾಗಿ ಸೇರಿಸುತ್ತಾ ಹೋಗಬಹುದು. ಭಾರವಾದ ಪರಮಾಣುವಿನಲ್ಲಿ ಹಾಗೆ ಮಾಡಿದರೆ ಲೆಕ್ಕ ಕೈಕೊಡುತ್ತದೆ. ಎಳೆತವನ್ನು ಮೊದಲಿನಿಂದಲೇ ಪೂರ್ತಿಯಾಗಿ ಇಟ್ಟುಕೊಂಡು ಲೆಕ್ಕ ಹಾಕಬೇಕು. ಎರಡು ಫೋಟಾನುಗಳು ಭಾಗವಹಿಸುವ ಲೆಕ್ಕವಂತೂ ಇನ್ನೂ ಕಷ್ಟ. 2023ರಲ್ಲಿ ಪ್ರಕಟವಾದ ತವರದ ಪ್ರಯೋಗದಲ್ಲಿ ಅಳತೆ ಎಷ್ಟು ಚೊಕ್ಕವಾಗಿತ್ತೆಂದರೆ ಸಿದ್ಧಾಂತವೇ ಹಿಂದೆ ಬಿದ್ದಿತ್ತು. ಸಿದ್ಧಾಂತದ ಬೆಲೆಯಲ್ಲಿ ಏಳನೇ ದಶಮಾಂಶ ಸ್ಥಾನದಲ್ಲೇ ಅನಿಶ್ಚಿತತೆ ಇತ್ತು. ಆ ಮಿತಿಯೊಳಗೆ ಎರಡೂ ಒಂದಕ್ಕೊಂದು ಹೊಂದಿಕೊಂಡವು.

ಅಳೆಯುವ ಬಗೆಯೂ ಸೊಗಸಾಗಿದೆ. ಜರ್ಮನಿಯ ಹೈಡೆಲ್‌ಬರ್ಗಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಒಂದೇ ಒಂದು ತವರದ ಅಯಾನನ್ನು, ವಿದ್ಯುತ್ ಮತ್ತು ಕಾಂತಕ್ಷೇತ್ರಗಳಿಂದ ಕಣವನ್ನು ಕೂಡಿಹಾಕುವ ಪೆನ್ನಿಂಗ್ ಟ್ರ್ಯಾಪಿನಲ್ಲಿ ಹಿಡಿದಿಟ್ಟರು. ಕಾಂತಕ್ಷೇತ್ರದಲ್ಲಿ ಅಯಾನು ಸುತ್ತುವ ಆವರ್ತನ ಒಂದು, ಎಲೆಕ್ಟ್ರಾನಿನ ಸ್ಪಿನ್ ಬುಗುರಿಯಂತೆ ತೂಗುವ ಆವರ್ತನ ಇನ್ನೊಂದು. ಎರಡರ ಅನುಪಾತ ತೆಗೆದುಕೊಂಡರೆ ಕಾಂತಕ್ಷೇತ್ರದ ಬಲ ಎಷ್ಟು ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ. ಅಯಾನಿನ ಮತ್ತು ಎಲೆಕ್ಟ್ರಾನಿನ ದ್ರವ್ಯರಾಶಿ ಗೊತ್ತಿದ್ದರೆ ಜಿ ಸಿಗುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಆವರ್ತನಗಳ ಅನುಪಾತದ ಈ ಲೆಕ್ಕವನ್ನೇ ತಿರುಗಿಸಿ ಹಾಕಿ. ಇಂಗಾಲದ ಜಿಯನ್ನು ಕ್ಯುಇಡಿ ಬಹಳ ಕರಾರುವಾಕ್ಕಾಗಿ ಹೇಳುತ್ತದೆ. ಪರಮಾಣು ದ್ರವ್ಯರಾಶಿಯ ಮಾನವೇ ಇಂಗಾಲ-12ರ ಮೇಲೆ ನಿಂತಿರುವುದರಿಂದ ಅಯಾನಿನ ದ್ರವ್ಯರಾಶಿಯೂ ಚೆನ್ನಾಗಿ ಗೊತ್ತು. ಹಾಗಾಗಿ ಆವರ್ತನಗಳನ್ನು ಅಳೆದರೆ ಉಳಿಯುವ ಅಜ್ಞಾತ ಒಂದೇ, ಎಲೆಕ್ಟ್ರಾನಿನ ದ್ರವ್ಯರಾಶಿ. 2014ರಲ್ಲಿ ಹೀಗೆ ಸಿಕ್ಕ ಬೆಲೆ 0.000548579909067 ಪರಮಾಣು ದ್ರವ್ಯರಾಶಿ ಮಾನ. ಅದು ಹಿಂದಿನ ಬೆಲೆಗಿಂತ 13 ಪಟ್ಟು ನಿಖರವಾಗಿತ್ತು.